ಸರ್ವರ್‌ನಿಂದ ಸರ್ವರ್‌ಗೆ ಕ್ಲಿಪ್: ಡಿಸ್ಕ್, ಎಸ್‌ಡಿಐ, ಎಫ್‌ಟಿಪಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಫ್‌ಟಿಪಿಗೆ, ಅಂದರೆ ನೆಟ್‌ವರ್ಕ್ ಮೂಲಕ ಫೈಲನ್ನೇ ಕಳಿಸುವುದಕ್ಕೆ. ಮುಂಬೈ ಅಂಧೇರಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ನನಗೆ ನೈಟ್ ಶಿಫ್ಟ್. ಎಡಿಟ್ ಸರ್ವರ್‌ನಿಂದ ಪ್ರಸಾರಕ್ಕೆ ಬಿಡುವ ಪ್ಲೇಔಟ್ ಸರ್ವರ್‌ಗೆ ಕ್ಲಿಪ್ ಕಳಿಸುವುದು ದಿನಾ ಇರುವ ಕೆಲಸ. ಎರಡೂ ಬೇರೆ ಬೇರೆ ಕಂಪನಿಯವು.

ಡಿಸ್ಕಿಗೆ ಹಾಕಿಕೊಂಡು ಹೋಗುವುದು ನೆಟ್‌ವರ್ಕ್ ಕೈಕೊಟ್ಟ ದಿನಕ್ಕೆ ಸಾಕು. ಎಫ್‌ಎಟಿ32 ಅನ್ನುವ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಮಾತ್ರ ಬೇಡ. ಒಂದು ಫೈಲಿಗೆ 4 ಜಿಬಿಯೇ ಮಿತಿ. ಸೆಕೆಂಡಿಗೆ 50 ಮೆಗಾಬಿಟ್‌ನ ನಮ್ಮ ಎಕ್ಸ್‌ಡಿಕ್ಯಾಮ್ ವಿಡಿಯೋದಲ್ಲಿ, ಆಡಿಯೋ ಸೇರಿದರೆ, ಅದು 10 ನಿಮಿಷಕ್ಕೂ ಸಾಲದು.

ಎಸ್‌ಡಿಐ ಅಂದರೆ ವಿಡಿಯೋ ಕೇಬಲ್ ಹಾಕಿ ಈ ಕಡೆ ಪ್ಲೇ, ಆ ಕಡೆ ರೆಕಾರ್ಡ್. ಫಾರ್ಮ್ಯಾಟ್ ಜಗಳವೇ ಇಲ್ಲ. ಹೋಗುತ್ತಿರುವುದನ್ನು ಕಣ್ಣಾರೆ ನೋಡಬಹುದು, ಇದು ನನಗೆ ತುಂಬಾ ಇಷ್ಟ. ಆದರೆ ಗಂಟೆಯ ಕಾರ್ಯಕ್ರಮಕ್ಕೆ ಗಂಟೆಯೇ ಬೇಕು, ಅಷ್ಟು ಹೊತ್ತು ಎರಡು ಪೋರ್ಟ್ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಜೊತೆಗೆ ಚಿತ್ರ ಇನ್ನೊಮ್ಮೆ ಕಂಪ್ರೆಸ್ ಆಗುತ್ತದೆ.

ಎಫ್‌ಟಿಪಿಯಲ್ಲಿ ಅದೇ ಒಂದು ಗಂಟೆ, ಆಡಿಯೋ ಸೇರಿ ಸುಮಾರು 27 ಜಿಬಿ, ನಮ್ಮ ಗಿಗಾಬಿಟ್ ಲೈನಿನಲ್ಲಿ 5-6 ನಿಮಿಷಕ್ಕೆ ಇದ್ದ ಹಾಗೇ ಹೋಗುತ್ತದೆ. ಬೈನರಿ ಮೋಡ್‌ನಲ್ಲೇ ಕಳಿಸಿ. ಬರಹದ ಫೈಲಿಗೆಂದು ಇರುವ ಆಸ್ಕಿ ಮೋಡ್‌ನಲ್ಲಿ ವಿಡಿಯೋ ಫೈಲ್ ಕೆಡಬಹುದು.

ತೊಂದರೆ ಇರುವುದು ಒಂದೇ ಕಡೆ. ಹೋದ ಮಳೆಗಾಲದಲ್ಲಿ ಮಾಟುಂಗದಲ್ಲಿ ರೆಕಾರ್ಡ್ ಮಾಡಿದ ಯಕ್ಷಗಾನ ಕಳಿಸಿದ್ದೆ. ಪ್ಲೇಔಟ್ ಪಟ್ಟಿಯಲ್ಲಿ ಉದ್ದ 01:00:00:00, ಪೂರ್ತಿ ಒಂದು ಗಂಟೆ ಅಂತ ಸರಿಯಾಗೇ ಬಂತು. ಮೊದಲ ಎರಡು ನಿಮಿಷ ನೋಡಿ ಓಕೆ ಮಾಡಿದೆ. ಪ್ರಸಾರದಲ್ಲಿ 38ನೇ ನಿಮಿಷಕ್ಕೆ, ಚೆಂಡೆ ಏರುತ್ತಿದ್ದ ಹೊತ್ತಿಗೆ ಸರಿಯಾಗಿ, ಚಿತ್ರ ನಿಂತೇಹೋಯಿತು. ಪಕ್ಕದಲ್ಲಿದ್ದ ಉಡುಪಿ ಕಡೆಯ ಗೆಳೆಯರು ಸೈಜ್ ನೋಡಿ, "ಮಾರಾಯ್ರೇ, ಫೈಲ್ ಪೂರ್ತಿ ಬಂದೇ ಇಲ್ಲ" ಅಂದರು.

ಆದದ್ದು ಇಷ್ಟು. ಪ್ಲೇಔಟ್ ಸರ್ವರ್ ಒಂದು ವಾಚ್ ಫೋಲ್ಡರ್ ಮೇಲೆ ಕಣ್ಣಿಟ್ಟಿರುತ್ತದೆ. ಫೈಲಿನ ಸೈಜ್ ಸ್ವಲ್ಪ ಹೊತ್ತು ಬೆಳೆಯದಿದ್ದರೆ ಮುಗಿಯಿತು ಅಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಅವತ್ತು ಲೈನ್ ನಡುವೆ ತಡೆದು ನಿಂತಿತ್ತು. ನಮ್ಮ ಕ್ಲಿಪ್ ಇರುವುದು ಎಮ್‌ಎಕ್ಸ್‌ಎಫ್ ಅನ್ನುವ ಬಗೆಯ ಫೈಲಿನಲ್ಲಿ, ಅದರ ಉದ್ದ ಫೈಲಿನ ತಲೆಭಾಗದಲ್ಲೇ ಬರೆದಿರುತ್ತದೆ. ಹಾಗಾಗಿ ಬಾಲ ಬಾರದಿದ್ದರೂ ಪಟ್ಟಿಯಲ್ಲಿ ಪೂರ್ತಿ ಗಂಟೆ ಕಂಡಿತು. ಇದು ಗೊತ್ತಾದಾಗ ಹೊಟ್ಟೆ ಉರಿಯಿತು. ಕಲಾವಿದರ ಅಷ್ಟು ದುಡಿಮೆ ಅರ್ಧದಲ್ಲಿ ನಿಂತಿತಲ್ವಾ?

ಈಗ ಅದೇ ಡ್ರೈವಿನ ಬೇರೆ ಫೋಲ್ಡರಿಗೆ ಕಳಿಸುತ್ತೇನೆ. ಪೂರ್ತಿ ಬಂದ ಮೇಲೆ ವಾಚ್ ಫೋಲ್ಡರಿಗೆ ಮೂವ್ ಮಾಡುತ್ತೇನೆ. ಡ್ರೈವ್ ಒಂದೇ ಆದ್ದರಿಂದ 27 ಜಿಬಿ ಆದರೂ ಮೂವ್ ತಕ್ಷಣ ಮುಗಿಯುತ್ತದೆ, ಅರ್ಧ ಫೈಲ್ ಸಿಗುವ ಮಾತೇ ಇಲ್ಲ. ಉದ್ದದ ಕಾರ್ಯಕ್ರಮಕ್ಕೆ ಎರಡೂ ಕಡೆ ಎಮ್‌ಡಿ5, ಅಂದರೆ ಫೈಲಿನ ಒಳಗಿನದನ್ನೆಲ್ಲ ಲೆಕ್ಕ ಹಾಕಿ ಬರುವ ಗುರುತು ಸಂಖ್ಯೆ, ತಾಳೆ ನೋಡುತ್ತೇನೆ.

ನನ್ನ ಲೆಕ್ಕ ಸರಳ. ಎಫ್‌ಟಿಪಿಗೆ ನಾನು ಬಳಸುವ ಫೈಲ್‌ಝಿಲ್ಲಾ ಸಾಫ್ಟ್‌ವೇರ್ ಉಚಿತ. ದುಡ್ಡು ಕೊಟ್ಟು ತರುವ ವೇಗದ ಸಾಫ್ಟ್‌ವೇರ್ ಒಂದೇ ಕಟ್ಟಡದೊಳಗಿನ ಕೆಲಸಕ್ಕೆ ಜಾಸ್ತಿಯಾಯಿತು. ರಾತ್ರಿ ನಾಲ್ಕು ಕಾರ್ಯಕ್ರಮ ಇದ್ದರೆ ಎಸ್‌ಡಿಐ ಹಿಡಿದು ಕೂತು ಬೆಳಗಿನ ಮೊದಲ ಲೋಕಲ್ ಹಿಡಿಯಲು ಆಗುವುದಿಲ್ಲ. ನೇರ ಪ್ರಸಾರಕ್ಕೆ ನಿಮಿಷಗಳಷ್ಟೇ ಉಳಿದಿದ್ದು, ಆ ಕಡೆಯ ಸರ್ವರ್ ನಮ್ಮ ಫೈಲ್ ಓದದಿದ್ದರೆ ಮಾತ್ರ ಎಸ್‌ಡಿಐ.

ಇನ್ನೊಂದು ಅಭ್ಯಾಸವೂ ಬದಲಾಗಿದೆ. ಕ್ಲಿಪ್ ತಲುಪಿದ ಕೂಡಲೇ ಮೊದಲು ಕೊನೆಯ 10 ಸೆಕೆಂಡ್ ಹಾಕಿ ನೋಡುತ್ತೇನೆ. ಶುರುವಿನ ಭಾಗ ಆಮೇಲೆ.