ವಜ್ರೇಶ್ವರಿ ಬಿಸಿನೀರಿನ ಪ್ಯಾಕೇಜ್ ಅಂತ ರಾಯಚೂರಲ್ಲಿ ಯಾರಿಗೂ ಮುಂಗಡ ಕೊಡಬೇಡಿ

ಹದಿನೈದು ದಿನ ಯಾರಿಗೂ ಹೇಳದೆ ಸುಮ್ನೆ ಇದ್ದೆ. ನಾಚಿಕೆ ಆಗಿತ್ತು. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನಾನು, ಓಣಿಯವರಿಗೆಲ್ಲ ಫೋನಿನಲ್ಲಿ ದುಡ್ಡು ಹಾಕುವಾಗ ಹುಷಾರು ಅಂತ ಹೇಳುವವಳು ನಾನು, ನಾನೇ ಮೋಸ ಹೋದೆ. ಆದರೆ ನಿನ್ನೆ ಹಿಂದಿನ ಓಣಿಯ ಒಬ್ಬರು ಅದೇ ಏಜೆಂಟನ ಹತ್ತಿರ ಹೆಸರು ಬರೆಸಿ ಬಂದೆವು ಅಂದರು. ಇನ್ನು ಸುಮ್ಮನಿರೋಕೆ ಆಗಲ್ಲ.

ನಮ್ಮ ಅವ್ವನಿಗೆ 62 ವರ್ಷ. ಮಾನ್ವಿ ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಬಗ್ಗಿ ಬಗ್ಗಿ ಭತ್ತ ನಾಟಿ ಮಾಡಿದ ಜೀವ. ಈಗ ಎರಡೂ ಮೊಣಕಾಲು ಸವೆದಿವೆ. ಯಾರೋ ಮಹಾರಾಷ್ಟ್ರದಲ್ಲಿ ಮುಂಬೈ ಕಡೆ ಇರುವ ವಜ್ರೇಶ್ವರಿಯ ಬಿಸಿನೀರಿನ ಬುಗ್ಗೆಗಳ ವಿಷಯ ಹೇಳಿದ ಮೇಲೆ ಅವಳಿಗೆ ಅದೇ ಧ್ಯಾನ. ಸ್ಟೇಷನ್ ಕಡೆಯ ಒಂದು ಸಣ್ಣ ಟ್ರಾವೆಲ್ಸ್ ಅಂಗಡಿಗೆ ಕೇಳೋಣ ಅಂತ ಹೋದೆವು. ಕೇಳೋಣ ಅಂತ ಅಷ್ಟೇ. ಎದ್ದು ಬರುವಾಗ ದುಡ್ಡು ಹಾಕಿಯೇ ಬಂದೆವು.

"ಬ್ರಿಟಿಷರ ಕಾಲದ ಸ್ನಾನದ ಮನಿ ಅದ ಅಕ್ಕಾರ, ನೂರು ವರ್ಷದ್ದು. ಜ್ವಾಲಾಮುಖಿ ನೀರು ನೇರ ಪೈಪಿನಾಗ ಬರ್ತದ. ಮೂರು ದಿನ ಕೂತ್ರ ಅವ್ವಾರು ತಾವೇ ಮೆಟ್ಲ ಹತ್ತಿ ಇಳೀತಾರ ನೋಡ್ರಿ." ಇದು ಅಂಗಡಿಯ ಏಜೆಂಟನ ಮಾತು. ತಲೆಗೆ 7,200, ಇಬ್ಬರಿಗೆ 14,400. ಊಟ, ರೂಮು, ದಿನಕ್ಕೆ ಎರಡು ಸ್ನಾನ. ರೈಲು ಖರ್ಚು ನಮ್ಮದೇ. ಎಲ್ಲರೂ ಸ್ವಲ್ಪ ಮುಂಗಡ ತಗೊಂಡು ಉಳಿದದ್ದನ್ನ ಅಲ್ಲಿ ಹೋದ ಮೇಲೆ ತಗೋತಾರೆ, ಅಲ್ವಾ? ಇವನು 10,000 ಇಲ್ಲೇ ಹಾಕಬೇಕು, ಇಲ್ಲಾಂದ್ರೆ ರೂಮು ಸಿಗಲ್ಲ ಅಂದ. ಹಾಕಿದೆ. ಅದು ಅವ್ವ ಸಂಘದಲ್ಲಿ ವಾರವಾರ ಕಟ್ಟಿ ಕೂಡಿಟ್ಟ ದುಡ್ಡು. ರಸೀದಿ ಅಂತ ಒಂದು ಹಳದಿ ಚೀಟಿ ಕೊಟ್ಟ.

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲ್ಯಾಣದಲ್ಲಿ ಇಳಿದೆವು. ಗಾಡಿ ಒಂದು ಗಂಟೆ ತಡವಾಗಿ ಬಂತು. ಹೋಗಲಿ, ಅದನ್ನ ದೊಡ್ಡದು ಮಾಡಲ್ಲ.

ಜಾಗ ವಜ್ರೇಶ್ವರಿ ಪಕ್ಕದ ಅಕ್ಲೋಲಿ ಊರಿನ ಸಮೀಪ ಇತ್ತು. ಮುಂದುಗಡೆ ಕಲ್ಲಿನ ಕಮಾನು, ನೋಡಿದರೆ ಹಳೆಯದು ಅನ್ನಿಸುತ್ತೆ. ಒಳಗೆ ಸಾಲಾಗಿ ಟೈಲ್ಸ್ ಹಾಕಿದ ತೊಟ್ಟಿಗಳು. ನೀರು ಹಬೆಯಾಡುತ್ತಿತ್ತು. ನಾನೇ ಕೈ ಹಾಕಿ ನೋಡಿ "ಚಲೋ ಅದ ಅವ್ವ" ಅಂದೆ. ಈ ಮಾತು ನೆನಪಿಡಿ, ಮುಂದೆ ಏಜೆಂಟ್ ಇದನ್ನೇ ನನ್ನ ಮುಖಕ್ಕೆ ಹಿಡಿದ. ಗಂಧಕದ ನೀರು ಅಂತಾರೆ, ವಾಸನೆಯೇ ಇಲ್ಲವಲ್ಲ ಅಂತ ಅಲ್ಲಿನ ಹುಡುಗನನ್ನ ಹಿಂದಿಯಲ್ಲಿ ಕೇಳಿದೆ. ಫಿಲ್ಟರ್ ಹಾಕಿ ವಾಸನೆ ತೆಗೀತೀವಿ ಅಂದ. ನಂಬಿದೆ. ನೋಡಿ, ಅದನ್ನೂ ನಂಬಿದೆ.

ಎರಡನೇ ದಿನ ಬೆಳಿಗ್ಗೆ ಅವ್ವ ತೊಟ್ಟಿಯಲ್ಲಿ ಕೂತಿದ್ದಳು, ನಾನು ಅವಳ ಬೆನ್ನಿಗೆ ನೀರು ಹಾಕುತ್ತಿದ್ದೆ, ಫಕ್ಕನೆ ಲೈಟು ಹೋಯಿತು. ಸ್ವಲ್ಪ ಹೊತ್ತಿಗೆ ನಲ್ಲಿಯಿಂದ ಬರುತ್ತಿದ್ದ ನೀರು ಉಗುರು ಬೆಚ್ಚಗೆ ಆಯಿತು, ಆಮೇಲೆ ತಣ್ಣಗೆ. ಪೂರ್ತಿ ತಣ್ಣಗೆ. ಹೊರಗಿನಿಂದ ಆ ಹುಡುಗ ಕೂಗಿದ, ಅರ್ಧ ಗಂಟೆ ತಡೀರಿ, ಕರೆಂಟ್ ಬಂದ ಮೇಲೆ ಬಿಸಿನೀರು ಬರುತ್ತೆ ಅಂತ.

ಅವ್ವ ನನ್ನ ಮುಖ ನೋಡಿದಳು. "ಕರೆಂಟ್ ಹೋದ್ರ ನೆಲದಾಗಿನ ನೀರು ಹ್ಯಾಂಗ ಆರ್ತದವ್ವ?"

ಶಾಲೆಗೇ ಹೋಗದ ಅವ್ವ ಕೇಳಿದ ಪ್ರಶ್ನೆ ಅದು. ನನಗೆ ಹೊಳೆದಿರಲಿಲ್ಲ. ಅವಳ ಮೈಗೆ ಟವೆಲ್ ಸುತ್ತಿ ಕೂರಿಸಿ ಹಿಂದುಗಡೆ ಹೋದೆ. ಒಂದು ಬೋರ್‌ವೆಲ್ ಮೋಟರ್, ಒಂದು ಕರಿ ಟ್ಯಾಂಕು, ಗೋಡೆಗೆ ಸಾಲಾಗಿ ಮೂರು ದೊಡ್ಡ ಗೀಸರ್. ಮೈಯೆಲ್ಲ ಉರಿದು ಹೋಯಿತು. ನಮ್ಮ ರಾಯಚೂರಿನ ಮನೆಯಲ್ಲಿ ಗೀಸರ್ ಇಲ್ಲವೇ?

ಅಲ್ಲಿಂದಲೇ ಏಜೆಂಟನಿಗೆ ಫೋನ್ ಮಾಡಿದೆ. ಮೊದಲು ನೆಟ್‌ವರ್ಕ್ ಇಲ್ರಿ ಅಂತ ಇಟ್ಟ. ಎರಡನೇ ಸಲ, "ಬಿಸಿನೀರು ಸಿಕ್ತೋ ಇಲ್ಲೋ ಅಕ್ಕಾರ? ಸಿಕ್ತಲ್ಲ ಮತ್ತ?" ಅಂದ. ಬುಗ್ಗೆ ನೀರು ಅಂದಿದ್ದಿರಲ್ಲ ಅಂದೆ. "ನೀರು ಅಲ್ಲೀದ ಅದ ರೀ, ಅಲ್ಲೀ ನೆಲದ್ದ. ಬಿಸಿ ಅಷ್ಟ ಮಾಡ್ತಾರ." ಬಿಸಿ ಅಷ್ಟೇ ಮಾಡ್ತಾರಂತೆ! ಬಿಸಿಗಾಗಿಯೇ ಅಲ್ಲವಾ ನಾವು ಅಷ್ಟು ದೂರ ಹೋಗಿದ್ದು? ಮೂರನೇ ಸಲ, "ನೀವ ಕೈ ಹಾಕಿ ಚಲೋ ಅದ ಅಂದೀರಂತ, ಹುಡುಗ ಹೇಳ್ಯಾನ." ಆಮೇಲೆ ಫೋನ್ ಎತ್ತಲೇ ಇಲ್ಲ. ಬಾಕಿ 4,400 ಕೊಡದೆ ನಾವು ಚೀಲ ಎತ್ತಿಕೊಂಡು ಹೊರಬಿದ್ದೆವು. ಹುಡುಗ ಗೇಟಿನವರೆಗೂ ಕೂಗಾಡುತ್ತಾ ಬಂದ.

ಅಲ್ಲೇ ಹತ್ತಿರದ ಗಣೇಶಪುರಿಗೆ ಆಟೋದಲ್ಲಿ ಹೋದೆವು. ಅಲ್ಲಿ ನಿತ್ಯಾನಂದ ಸ್ವಾಮಿಗಳ ಸಮಾಧಿ ಇದೆ, ಅವರು 1961ರಲ್ಲಿ ತೀರಿಕೊಂಡವರು, ಮಂಗಳೂರು ಕಡೆಯ ಭಕ್ತರು ತುಂಬಾ ಬರುತ್ತಾರೆ. ಅಂಥ ಒಬ್ಬ ಹಿರಿಯಮ್ಮ ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. ಭೀಮೇಶ್ವರ ಗುಡಿಯ ಪಕ್ಕದ ಬುಗ್ಗೆ ನೀರಿನ ಕುಂಡ ತೋರಿಸಿದ್ದು ಅವರೇ. ಅಕ್ಲೋಲಿಯಲ್ಲೂ ರಾಮೇಶ್ವರ ಗುಡಿಯ ಹತ್ತಿರ ಕುಂಡಗಳಿವೆಯಂತೆ, ಅಂದರೆ ನಾವು ಉಳಿದಿದ್ದ ಜಾಗದ ಬಗಲಲ್ಲೇ! ಭೀಮೇಶ್ವರ ಗುಡಿಯ ಕುಂಡದಲ್ಲಿ ಗಂಧಕದ ವಾಸನೆ ಮೂಗಿಗೆ ಬಡಿಯಿತು. ಕಾಲು ಇಟ್ಟರೆ ಚುರ್ ಅನ್ನುವ ಬಿಸಿ. ಅವ್ವ ಕಾಲು ಇಳಿಬಿಟ್ಟು ಕಣ್ಣು ಮುಚ್ಚಿ ಕೂತಳು. ನಮ್ಮನ್ನ ಯಾರೂ ಒಂದು ರೂಪಾಯಿ ಕೇಳಲಿಲ್ಲ.

ಜ್ವಾಲಾಮುಖಿ ಅನ್ನೋದೂ ಸುಳ್ಳು. ಅಲ್ಲಿ ಉರಿಯುವ ಜ್ವಾಲಾಮುಖಿ ಯಾವುದೂ ಇಲ್ಲ. ಮಳೆ ನೀರು ಕಪ್ಪು ಬಂಡೆಯ ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿಯುತ್ತೆ, ಅಲ್ಲಿ ಭೂಮಿಯ ಒಳಗಿನ ಶಾಖಕ್ಕೆ ಕಾದು ಮತ್ತೆ ಮೇಲೆ ಬರುತ್ತೆ. ಕೊಂಕಣದ ಉದ್ದಕ್ಕೂ ಇಂಥ ಬುಗ್ಗೆಗಳಿವೆ. ಹಳೆಯದು ನೋಡಬೇಕು ಅಂದರೂ ಬ್ರಿಟಿಷರ ಹೆಸರು ಹೇಳಬೇಕಿರಲಿಲ್ಲ. ವಜ್ರೇಶ್ವರಿ ಗುಡಿಯೇ ಇದೆ. 1739ರಲ್ಲಿ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆಲ್ಲಲು ಹೊರಟಾಗ ಮರಾಠರ ಸೇನಾಪತಿ ಚಿಮಾಜಿ ಅಪ್ಪ ಹರಕೆ ಹೊತ್ತು, ಗೆದ್ದ ಮೇಲೆ ಕಟ್ಟಿಸಿದ್ದು. ಬಾಗಿಲೇ ಕೋಟೆ ಬಾಗಿಲಿನ ಹಾಗಿದೆ. 52 ಮೆಟ್ಟಿಲು. ಒಳಗೆ ರೇಣುಕಾದೇವಿಯೂ ಇದ್ದಾಳೆ ಅಂತ ಕೇಳಿದ್ದೇ ತಡ, ಅವ್ವ ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು, ನಡುವೆ ಕೂತು, ಹತ್ತಿಯೇ ಬಿಟ್ಟಳು. ನೋವಿನಲ್ಲೇ ಹತ್ತಿದಳು. ಆ ಗೀಸರ್ ನೀರಿನಿಂದ ಅಲ್ಲ.

ಊರಿಗೆ ಬಂದ ಮರುದಿನವೇ ಅಂಗಡಿಗೆ ಹೋದೆ. ಚೀಟಿಯಲ್ಲಿ "ಖನಿಜ ಸ್ನಾನ" ಅಂತ ಅದ, ಬುಗ್ಗೆ ಅಂತ ಎಲ್ಲಿ ಅದ ತೋರಿಸ್ರಿ ಅಂದ. ನಿಜ, ಬುಗ್ಗೆ ಅಂತ ಎಲ್ಲೂ ಇರಲಿಲ್ಲ. ಬಾಯಲ್ಲಿ ಹೇಳಿದ್ದು ಚೀಟಿಯಲ್ಲಿ ಇರಲಿಲ್ಲ. ನಾನು 4,400 ಬಾಕಿ ಇಟ್ಟಿದ್ದೀನಿ, ಅದನ್ನ ಕೊಡಬೇಕಂತೆ! ಕೊನೆಗೆ, ನಾಲ್ಕು ಜನ ಕೂತಿದ್ದಾಗ, "ಹೆಣ್ಮಕ್ಕಳಿಬ್ಬರೇ ಹೋದ್ರ ಹಿಂಗ ಆಗ್ತದ ನೋಡ್ರಿ, ಮನ್ಯಾಗಿನ ಗಂಡಸರನ್ನ ಕರ್ಕೊಂಡು ಹೋಗಬೇಕಿತ್ತು" ಅಂದ. ಹತ್ತು ಸಾವಿರಕ್ಕಿಂತ ಜಾಸ್ತಿ ಈ ಮಾತು ಸುಡುತ್ತಿದೆ. ಗಂಡಸರು ಬಂದಿದ್ದರೆ ಆ ಗೀಸರ್ ಬುಗ್ಗೆ ಆಗುತ್ತಿತ್ತಾ? ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ. ದುಡ್ಡು ಇನ್ನೂ ಬಂದಿಲ್ಲ.

ಹೋಗುವವರು ನೀವೇ ಹೋಗಿ, ಕಲ್ಯಾಣದಲ್ಲಿ ಇಳಿದು ಗಾಡಿ ಮಾಡಿಕೊಳ್ಳಿ, ಏಜೆಂಟ್ ಬೇಡ. ಯಾರಾದರೂ ಬುಗ್ಗೆ ನೀರು ಅಂದರೆ ಮೂಸಿ ನೋಡಿ, ಕಟ್ಟಡದ ಹಿಂದೆ ಹೋಗಿ ನೋಡಿ, ಬಾಯಲ್ಲಿ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆಸಿಕೊಳ್ಳಿ. ಬಿಸಿನೀರು ನೋವನ್ನ ಸ್ವಲ್ಪ ಹೊತ್ತು ಇಳಿಸುತ್ತೆ ಅಷ್ಟೇ, ಸವೆದ ಮೂಳೆ ಬೆಳೆಸಲ್ಲ ಅಂತ ನಮ್ಮ ಡಾಕ್ಟರು ಆಮೇಲೆ ಹೇಳಿದರು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮೊದಲು ಬೇರೆಯವರ ಕೈಯಿಂದ ಬಿಸಿ ನೋಡಿಸಿ, ಸುಟ್ಟರೂ ಗೊತ್ತಾಗಲ್ಲ.

ಬರುವ ಗುರುವಾರ ಆ ಏಜೆಂಟನ ಇನ್ನೊಂದು ತಂಡ ಹೊರಡುತ್ತಿದೆಯಂತೆ, ಹನ್ನೊಂದು ಜನ, ಹೆಚ್ಚಿನವರು ವಯಸ್ಸಾದವರೇ. ನಿಮ್ಮ ಮನೆಯ ಅವ್ವ, ಅಪ್ಪ, ಅತ್ತೆ ಯಾರಾದರೂ ಸ್ಟೇಷನ್ ಕಡೆ ಹೋಗಿ ಹಳದಿ ಚೀಟಿ ತಂದಿದ್ದಾರಾ ಅಂತ ಇವತ್ತೇ ಕೇಳಿ.