ಮೂಡಲ್ ಕ್ಯಾಲೆಂಡರ್ ಫೋನಿನ ವಿಜೆಟ್‌ನಲ್ಲಿ: ಒಂದೂವರೆ ವರ್ಷ ಬಳಸಿದ ಮೇಲೆ

ಬೈಲಹೊಂಗಲದಿಂದ ಬೆಳಗಾವಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಎಂಸಿಎ ಓದುತ್ತಿದ್ದೇನೆ. ನಮ್ಮ ಕಾಲೇಜಿನ ನೋಟ್ಸ್, ಕ್ವಿಜ್, ಅಸೈನ್‌ಮೆಂಟ್ ಎಲ್ಲ ಇರುವುದು ಮೂಡಲ್‌ನಲ್ಲಿ. 2002ರಿಂದ ಇರುವ, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅದು. ನಿಮಗೂ ಗೊತ್ತಿರುತ್ತೆ, ಅಲ್ವಾ? ಅಸೈನ್‌ಮೆಂಟ್, ಕ್ವಿಜ್‌ಗಳ ಕೊನೆಯ ತಾರೀಖು ತೋರಿಸುವ ಕ್ಯಾಲೆಂಡರೂ ಅದರಲ್ಲಿದೆ. ನಾನು ಹೇಳಬೇಕಿರುವುದು ಆ ಕ್ಯಾಲೆಂಡರಿನ ಲಿಂಕ್ ಬಗ್ಗೆ ಮಾತ್ರ.

ಮೂಡಲ್ ಕ್ಯಾಲೆಂಡರ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ, 60 ದಿನದ್ದು ಅಂತ ಆರಿಸಿದರೆ ಉದ್ದನೆಯ ಲಿಂಕ್ ಕೊಡುತ್ತದೆ. ಅದನ್ನು ಒಮ್ಮೆ ನನ್ನ ಫೋನಿನ ಕ್ಯಾಲೆಂಡರಿಗೆ ಸೇರಿಸಿ, ಫೋನ್ ತೆರೆದ ಕೂಡಲೇ ಕಾಣುವಂತೆ ವಿಜೆಟ್ (ಪರದೆಯ ಮೇಲೇ ಕೂರುವ ಪುಟ್ಟ ಚೌಕ) ಇಟ್ಟೆ.

ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ ಸ್ಟ್ಯಾಂಡಿನಲ್ಲಿ ಎಡಗೈಯಲ್ಲಿ ಚಹಾ, ಬಲಗೈಯಲ್ಲಿ ಫೋನ್. ‘ಡಿಬಿಎಂಎಸ್ ಅಸೈನ್‌ಮೆಂಟ್, ರಾತ್ರಿ 11:59’ ಅಂತ ಕಾಣುತ್ತದೆ. ಲಾಗಿನ್ ಬೇಡ, ನೆಟ್ ಕೂಡ ಬೇಡ. ದಿನಕ್ಕೆ ಒಂದು ಜಿಬಿ ಪ್ಯಾಕ್‌ನಲ್ಲಿ ಬದುಕುವ ನನಗೆ ಇದು ಬಲು ಇಷ್ಟವಾಯಿತು. ಚಹಾ ಮುಗಿಯುವುದರೊಳಗೆ ಇಡೀ ವಾರದ ಲೆಕ್ಕ ತಲೆಯಲ್ಲಿ ಕೂತಿರುತ್ತಿತ್ತು.

ಮೂರನೇ ಸೆಮಿಸ್ಟರಿನಲ್ಲಿ ಕಾಲೇಜಿನವರು ಎಲ್ಲರೂ ಪಾಸ್‌ವರ್ಡ್ ಬದಲಿಸಿ ಅಂದರು. ಬದಲಿಸಿದೆ. ವಿಜೆಟ್‌ನಲ್ಲಿ ಹಳೆಯವು ಒಂದೊಂದೇ ಮುಗಿದವು, ಹೊಸದು ಸೇರಲೇ ಇಲ್ಲ. ಕೆಲಸ ಕಡಿಮೆ ಇದೆ ಅಂತ ಸುಮ್ನೆ ನಂಬಿದೆ. ಹತ್ತು ಅಂಕದ ಅಸೈನ್‌ಮೆಂಟ್ ಹೋಯಿತು. ಅವತ್ತು ಬಸ್ಸಿನಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ.

ಲ್ಯಾಬಿನ ಸರ್ ಹತ್ತಿರ ಹೋದೆ. “ಪಾಸ್‌ವರ್ಡ್ ಚೇಂಜ್ ಮಾಡೀರೇನು? ಹಂಗಾದ್ರ ಹೊಸಾ ಲಿಂಕ್ ತಗೋಬೇಕ್ರಿ” ಅಂದರು. ಲಿಂಕಿನೊಳಗಿರುವ ಟೋಕನ್, ಅಂದರೆ ಇದು ನಮ್ಮದೇ ಲಿಂಕ್ ಅಂತ ಗುರುತಿಸುವ ಅಕ್ಷರಗಳ ಸಾಲು, ತಯಾರಾಗುವುದೇ ನಮ್ಮ ಪಾಸ್‌ವರ್ಡ್ ಸೇರಿಸಿಕೊಂಡು. ಪಾಸ್‌ವರ್ಡ್ ಬದಲಾದರೆ ಹಳೆಯ ಲಿಂಕ್ ನಡೆಯುವುದಿಲ್ಲ. ಭದ್ರತೆಗೆ ಅದು ಸರಿಯೇ. ಆದರೆ ಪಾಸ್‌ವರ್ಡ್ ಬದಲಿಸಿ ಅಂದವರು ಇದನ್ನೂ ಒಂದು ಸಾಲಿನಲ್ಲಿ ಹೇಳಬೇಕಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಇನ್ನೊಂದು ಮಾತು. ಮೇಷ್ಟ್ರು ತಾರೀಖು ಬದಲಿಸಿದರೆ ವಿಜೆಟ್‌ಗೆ ಅದು ತಕ್ಷಣ ಬರುವುದಿಲ್ಲ. ನನ್ನ ಫೋನಿನಲ್ಲಿ ಕೆಲವೊಮ್ಮೆ ಮರುದಿನ ಬಂದಿದೆ. ಹಾಗಾಗಿ ಪರೀಕ್ಷೆಯ ವಾರ ಮೂಡಲ್ ಆ್ಯಪ್ ತೆರೆದೇ ನೋಡುತ್ತೇನೆ. ಕಾಲೇಜಿನವರು ವೆಬ್ ಸರ್ವಿಸ್ (ಆ್ಯಪ್‌ಗೆ ಮೂಡಲ್‌ನಿಂದ ಮಾಹಿತಿ ಕೊಡುವ ವ್ಯವಸ್ಥೆ) ಆನ್ ಮಾಡಿದ್ದರೆ ಮಾತ್ರ ಆ್ಯಪ್ ನಡೆಯುತ್ತದೆ. ನಮ್ಮಲ್ಲಿ ಪುಣ್ಯಕ್ಕೆ ಮಾಡಿದ್ದಾರೆ. ಕಾಲೇಜಿನ ವೈಫೈಯಲ್ಲಿ ನೋಟ್ಸ್ ಇಳಿಸಿಕೊಂಡರೆ ಸಂಜೆ ಬಸ್ಸಿನಲ್ಲಿ ಓದಲು ಡೇಟಾ ಬೇಡ.

ಹೊಸ ಲಿಂಕ್ ಹಾಕಿ ಈಗ ನಾಲ್ಕು ತಿಂಗಳಾಯಿತು, ಒಂದು ತಾರೀಖೂ ತಪ್ಪಿಲ್ಲ. ಮೊನ್ನೆ ನಮ್ಮ ಬಸ್ಸಿನಲ್ಲೇ ಬರುವ ಮೊದಲ ವರ್ಷದ ಹುಡುಗಿಗೂ ಹಾಕಿಕೊಟ್ಟೆ. ಪಾಸ್‌ವರ್ಡ್ ವಿಷಯ ಮೊದಲು ಹೇಳಿ, ಆಮೇಲೆ ಲಿಂಕ್ ಮಾಡಿದೆ.