ಟೊಂಕ ನೋವಿನ ವಿಡಿಯೋಗಳು: ನಾಲ್ಕು ಥರ ಮಾಡಿ ನೋಡಿದೆ

ಹೋದ ವರ್ಷ ಏಪ್ರಿಲ್. ಲಗ್ನದ ಸೀಸನ್ ಜೋರಾಗಿತ್ತು. ನೆಲದ ಮೇಲೆ ಅಸ್ತರ್ ಬಟ್ಟೆ ಹರಡಿಕೊಂಡು ಬ್ಲೌಸ್ ಕಟಿಂಗ್ ಮಾಡುತ್ತಿದ್ದೆ. ಕತ್ತರಿ ಪಕ್ಕಕ್ಕಿಟ್ಟು ಏಳಲು ಹೋದೆ, ಟೊಂಕ ಹಿಡಿದುಬಿಟ್ಟಿತು. ಮಷೀನಿನ ಸ್ಟ್ಯಾಂಡ್ ಹಿಡಿದು ಎದ್ದು ನಿಲ್ಲಲು ಐದು ನಿಮಿಷ ಬೇಕಾಯಿತು. ಪುಸ್ತಕದಲ್ಲಿ ಸೊಂಟ ಅಂತ ಇರುತ್ತದೆ. ಕಲಬುರಗಿಯಲ್ಲಿ ನಾವು ಟೊಂಕ ಅಂತೀವಿ, ಇಲ್ಲೂ ಹಾಗೇ ಬರೆಯುತ್ತೇನೆ.

ಮನೆಯಲ್ಲೇ ನನ್ನ ಹೊಲಿಗೆ ಅಂಗಡಿ. ದಿನಕ್ಕೆ ಎಂಟು ತಾಸು ಮಷೀನ್ ಮುಂದೆ ಬಾಗಿ ಕೂರುವುದು, ಆಮೇಲೆ ನೆಲದ ಮೇಲೆ ಬಗ್ಗಿ ಕಟಿಂಗ್. ಇಪ್ಪತ್ತು ಬ್ಲೌಸ್ ಬಾಕಿ ಇದ್ದವು, ಅಂಗಡಿ ಮುಚ್ಚುವ ಹಾಗಿರಲಿಲ್ಲ. ಎಲ್ಲರ ಹಾಗೆ ನಾನೂ ಫೋನ್ ತೆಗೆದು ‘ಸೊಂಟ ನೋವು ವ್ಯಾಯಾಮ’ ಅಂತ ಹುಡುಕಿದೆ. ಎಷ್ಟು ಸರಿಸಿದರೂ ಮುಗಿಯದಷ್ಟು ಬಂದವು.

ಅಲ್ಲಿಂದ ಐದಾರು ತಿಂಗಳಲ್ಲಿ ನಾಲ್ಕು ಥರದ ವಿಡಿಯೋ ಹಾಕಿಕೊಂಡು ಮಾಡಿದ್ದೇನೆ. ಚಾನೆಲ್ ಹೆಸರು ಹೇಳುವುದಿಲ್ಲ. ಒಂದೊಂದು ಥರಕ್ಕೂ ನೂರಾರು ಚಾನೆಲ್ ಇವೆ, ನಿಮಗೆ ಸಿಗುವುದು ಬೇರೆಯೇ ಇರಬಹುದು. ಥರ ಯಾವುದು ಅಂತ ಗುರುತು ಹಿಡಿದರೆ ಸಾಕು.

ಮೊದಲು ಸಿಕ್ಕಿದ್ದು ರೀಲ್. 40 ಸೆಕೆಂಡ್. ‘ಒಂದೇ ದಿನದಲ್ಲಿ ಬೆನ್ನು ನೋವು ಮಾಯ’ ಅಂತ ಮೇಲೆ ದೊಡ್ಡಕ್ಷರ, ಹಿಂದೆ ಹಾಡು. ಗಟ್ಟಿಮುಟ್ಟಾದ ಹುಡುಗ ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟುತ್ತಾನೆ, ಕೂತು ಕಾಲು ಚಾಚಿ ಮತ್ತೆ ಬಗ್ಗುತ್ತಾನೆ, ಮಲಗಿ ಎರಡೂ ಮೊಣಕಾಲು ಎದೆಗೆ ಒತ್ತುತ್ತಾನೆ. ಎಷ್ಟು ಸಲ, ಯಾರಿಗೆ, ನೋವು ಹೆಚ್ಚಾದರೆ ಏನು ಮಾಡಬೇಕು, ಒಂದು ಮಾತೂ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದೆ, ಆಮೇಲೆ ಹೊತ್ತೇ ಸಿಗುವುದಿಲ್ಲ ಅಂತ. ಮಾಡುವಾಗ ಹಿಗ್ಗಿದ ಹಾಗಾಗಿ ಹಾಯೆನಿಸುತ್ತಿತ್ತು. ನಾಲ್ಕನೇ ದಿನ ಎಡಗಾಲಿಗೆ ನೋವು ಇಳಿಯಿತು. ಕುಂಡೆಯಿಂದ ಶುರುವಾಗಿ ತೊಡೆಯ ಹಿಂದೆ, ಅಲ್ಲಿಂದ ಮೀನಖಂಡದವರೆಗೆ, ಕಾದ ತಂತಿ ಎಳೆದ ಹಾಗೆ. ಮಷೀನಿನ ಪೆಡಲ್ ಮೇಲೆ ಕಾಲಿಟ್ಟರೆ ಜುಮ್ಮೆನ್ನುತ್ತಿತ್ತು.

ಕಾರಣ ಆಮೇಲೆ ತಿಳಿಯಿತು. ಬೆನ್ನಿನ ಮೂಳೆಗಳ ನಡುವಿನ ಡಿಸ್ಕ್ ರಾತ್ರಿ ಮಲಗಿದಾಗ ನೀರು ಹೀರಿಕೊಂಡು ಉಬ್ಬಿರುತ್ತದೆ. ಎದ್ದ ಮೊದಲ ಒಂದು ತಾಸು ಮುಂದಕ್ಕೆ ಪೂರ್ತಿ ಬಗ್ಗಿದರೆ ಅದರ ಮೇಲೆ ಬೀಳುವ ಒತ್ತಡ ಜಾಸ್ತಿ. ನಾನು ದಿನವಿಡೀ ಬಗ್ಗಿಯೇ ಕೆಲಸ ಮಾಡುವವಳು, ಅದರ ಮೇಲೆ ಬೆಳಿಗ್ಗೆ ಎದ್ದು ಇನ್ನೂ ಬಗ್ಗುತ್ತಿದ್ದೆ.

ಕಾಲಿಗೆ ಇಳಿದ ಮೇಲೆ ಹೆದರಿಕೆ ಆಯಿತು. ಆಸ್ಪತ್ರೆಗೆ ಹೋದೆ. ಅಲ್ಲಿನ ಫಿಸಿಯೋಥೆರಪಿಸ್ಟ್ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಮಲಗಿಸಿ ಕಾಲು ನೆಟ್ಟಗೆ ಎತ್ತಿದಳು, ಹಿಮ್ಮಡಿಯ ಮೇಲೆ ನಡೆಸಿದಳು, ತುದಿಗಾಲಲ್ಲಿ ನಡೆಸಿದಳು. ಒಂದಕ್ಕೆ ಎರಡಕ್ಕೆ ಹಿಡಿತ ಸರಿ ಇದೆಯಾ, ತೊಡೆಸಂದಿಯಲ್ಲಿ ಜೋಮು ಹಿಡಿದಿದೆಯಾ, ಜ್ವರ ಬರುತ್ತಿದೆಯಾ, ಸುಮ್ನೆ ತೂಕ ಇಳಿದಿದೆಯಾ, ಬಿದ್ದಿದ್ದೀರಾ, ಹಿಂದೆ ಕ್ಯಾನ್ಸರ್ ಏನಾದರೂ ಆಗಿತ್ತಾ ಅಂತ ಒಂದೊಂದಾಗಿ ಕೇಳಿದಳು. ಇವುಗಳಲ್ಲಿ ಯಾವುದಕ್ಕಾದರೂ ಹೌದು ಅಂದರೆ ವ್ಯಾಯಾಮದ ಮಾತು ಆಮೇಲೆ, ಮೊದಲು ಡಾಕ್ಟರ್. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ನನಗೆ ಯಾವುದೂ ಇರಲಿಲ್ಲ. ಎಂಆರ್‌ಐ ಈಗ ಬೇಡ ಅಂದಳು. ಇಂಥ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುತ್ತದಂತೆ.

ನಾನು ಫೋನ್ ತೆಗೆದು ಉಳಿಸಿಟ್ಟಿದ್ದ ವಿಡಿಯೋಗಳನ್ನು ತೋರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

“ವಿಡಿಯೋ ನೋಡಿ ಮಾಡೂದು ತಪ್ಪಲ್ರೀ ಅಕ್ಕಾ. ಮಾಡಿದ ಮ್ಯಾಲ ನೋವು ಎಲ್ಲಿಗೆ ಹೋಗ್ತದ ನೋಡ್ಕೋರಿ. ಕಾಲಿನಿಂದ ಟೊಂಕದ ಕಡೆ ಬಂದ್ರ ಛಲೋ. ಟೊಂಕದಿಂದ ಕಾಲಿಗೆ ಇಳೀತಂದ್ರ ಅದು ನಿಮಗ ಬ್ಯಾಡ.”

ಟೊಂಕದಲ್ಲಿ ಸ್ವಲ್ಪ ಜಾಸ್ತಿ ಅನಿಸಿದರೂ ಕಾಲು ಹಗುರಾಗುತ್ತಿದ್ದರೆ ದಾರಿ ಸರಿ ಇದೆ ಅಂತ ಬಿಡಿಸಿ ಹೇಳಿದಳು. ಈ ಒಂದು ಅಳತೆ ಕೈಗೆ ಸಿಕ್ಕ ಮೇಲೆ ವಿಡಿಯೋ ನೋಡುವ ನನ್ನ ರೀತಿಯೇ ಬದಲಾಯಿತು. ಅಲ್ಲಿವರೆಗೆ ಮಾಡುವಾಗ ಹಿತವಾಗುತ್ತದಾ ಅಂತ ನೋಡುತ್ತಿದ್ದೆ. ಆಮೇಲೆ ಮರುದಿನ ಬೆಳಿಗ್ಗೆ ನೋವು ಎಲ್ಲಿದೆ ಅಂತ ನೋಡತೊಡಗಿದೆ. ಬ್ಲೌಸ್ ಅಳತೆ ಬರೆದುಕೊಳ್ಳುವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನವೂ ಬರೆದೆ: ಮೀನಖಂಡ, ತೊಡೆ, ಕುಂಡೆ, ಟೊಂಕ.

ಎರಡನೆಯದು ಕನ್ನಡದ ಯೋಗ ವಿಡಿಯೋ. ನನಗೆ ಮನಸ್ಸಿಗೆ ಹತ್ತಿರವಾದದ್ದು ಇದೇ. 25 ನಿಮಿಷದ್ದು. ಅಮ್ಮನ ಥರ ಮಾತಾಡುವ ಟೀಚರ್, ಉಸಿರು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಅಂತ ನಮ್ಮ ಮಾತಲ್ಲೇ ಹೇಳುತ್ತಾರೆ. ಮಕರಾಸನ, ಮಾರ್ಜಾಲಾಸನ, ಭುಜಂಗಾಸನ, ಸೇತುಬಂಧಾಸನ. ಇಷ್ಟರವರೆಗೆ ತುಂಬಾ ಚೆನ್ನ. ಸೇತುಬಂಧಾಸನ ನಾನು ಈಗಲೂ ಬಿಟ್ಟಿಲ್ಲ. ನಮ್ಮ ಮನೆ ನೆಲ ಶಹಾಬಾದ್ ಕಲ್ಲಿನದು. ಅದರ ಮೇಲೆ ಹಳೆ ಕೌದಿ ಹಾಸಿ ಮಲಗಿ, ಮೊಣಕಾಲು ಮಡಚಿ, ಅಂಗಾಲು ಊರಿ, ನಿಧಾನ ಟೊಂಕ ಎತ್ತುವುದು. ಕುಂಡೆಯ ಸ್ನಾಯು ಬಿಗಿಯಾಗಬೇಕು. ಬೆನ್ನು ಬಿಗಿಯಾದರೆ ತಪ್ಪಾಗಿ ಮಾಡುತ್ತಿದ್ದೀರಿ ಅಂತ ಅರ್ಥ. ಇದನ್ನು ಟೀಚರ್ ಕೈಯಿಟ್ಟು ತೋರಿಸುತ್ತಾರೆ. ಬರೀ ಹೇಳಿದ್ದರೆ ನನಗೆ ತಿಳಿಯುತ್ತಿರಲಿಲ್ಲ.

ತೊಂದರೆ ಅಲ್ಲಿಂದ ಮುಂದೆ. 15ನೇ ನಿಮಿಷಕ್ಕೆ ಕಾಲು ಚಾಚಿ ಕೂತು ಮುಂದಕ್ಕೆ ಪೂರ್ತಿ ಬಗ್ಗುವ ಪಶ್ಚಿಮೋತ್ತಾನಾಸನ, ಅದರ ಹಿಂದೆಯೇ ಬೋರಲು ಮಲಗಿ ಕಾಲು ಹಿಡಿದು ಬಿಲ್ಲಿನ ಹಾಗೆ ಬಾಗುವ ಧನುರಾಸನ. ಮೊದಲ ವಾರ ಮಾಡುವವರಿಗೂ ಅದೇ, ಆರು ತಿಂಗಳಿಂದ ಮಾಡುವವರಿಗೂ ಅದೇ. ‘ಆದಷ್ಟು ಮಾಡಿ’ ಅನ್ನುತ್ತಾರೆ. ಆದಷ್ಟು ಅಂದರೆ ಎಷ್ಟು? ಕಾಲಿಗೆ ನೋವಿಳಿದವರು ಇದನ್ನು ಬಿಡಿ ಅಂತ ಒಂದು ಸಾಲು ಹೇಳಿದ್ದರೆ ಸಾಕಿತ್ತು. ಪಶ್ಚಿಮೋತ್ತಾನಾಸನ ಮಾಡಿದ ಎರಡು ದಿನವೂ ನನ್ನ ಪುಸ್ತಕದಲ್ಲಿ ‘ಮೀನಖಂಡ’ ಅಂತಲೇ ಇದೆ. ಇನ್ನೊಂದು ಕೊರತೆ, ಕ್ಯಾಮೆರಾ ಎದುರಿಗೆ ಇಟ್ಟಿದ್ದಾರೆ. ಬೆನ್ನು ಎಷ್ಟು ಬಾಗಿದೆ ಅಂತ ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ ಅಲ್ವಾ? ಹೀಗಾಗಿ ಈ ವಿಡಿಯೋವನ್ನು ಮೊದಲ 14 ನಿಮಿಷ ಮಾಡಿ ನಿಲ್ಲಿಸುತ್ತೇನೆ, ಕೊನೆಯ ಶವಾಸನಕ್ಕೆ ಮತ್ತೆ ಹಾಕುತ್ತೇನೆ.

ಮೂರನೆಯದು ಮೆಕೆಂಜಿ ಪದ್ಧತಿಯದು. ಇಂಗ್ಲಿಷ್ ವಿಡಿಯೋ, ಮಗಳು ಪಕ್ಕದಲ್ಲಿ ಕೂತು ಕನ್ನಡ ಮಾಡಿ ಹೇಳಿದಳು. ಇದರ ಹಿಂದೆ ಒಂದು ಕಥೆ ಇದೆ. ನ್ಯೂಜಿಲೆಂಡಿನಲ್ಲಿ ರಾಬಿನ್ ಮೆಕೆಂಜಿ ಅನ್ನುವ ಫಿಸಿಯೋಥೆರಪಿಸ್ಟ್ ಇದ್ದರು. 1956ರಲ್ಲಿ ಕಾಲಿಗೆ ನೋವಿಳಿದಿದ್ದ ಒಬ್ಬ ರೋಗಿಯನ್ನು ಕೋಣೆಗೆ ಹೋಗಿ ಬೋರಲು ಮಲಗಿರಿ ಅಂದರಂತೆ. ಆ ಮಂಚದ ಒಂದು ತುದಿ ಮೇಲೆತ್ತಿಟ್ಟಿತ್ತು. ಆತ ಅದರ ಮೇಲೆಯೇ ಬೋರಲು ಮಲಗಿದ, ಬೆನ್ನು ಹಿಂದಕ್ಕೆ ಬಾಗಿತು. ಮೆಕೆಂಜಿ ಬಂದು ನೋಡಿ ಗಾಬರಿಯಾದರು. ರೋಗಿ ಮಾತ್ರ, ಇಷ್ಟು ವಾರದಲ್ಲಿ ಇವತ್ತೇ ಹಗುರ, ಕಾಲಿನ ನೋವು ಹೋಗಿದೆ ಅಂದನಂತೆ. ಅದರಿಂದ ಬೆಳೆದದ್ದು ಈ ಪದ್ಧತಿ. ಫಿಸಿಯೋ ಹುಡುಗಿ ಕೊಟ್ಟ ಅಳತೆ ಇದ್ದದ್ದೂ ಇಲ್ಲೇ.

ನಾಲ್ಕರಲ್ಲಿ ಶುರುವಿನಲ್ಲೇ ಪ್ರಶ್ನೆ ಕೇಳಿದ್ದು ಇದೊಂದೇ. ನೋವು ಎಲ್ಲಿದೆ, ಬಗ್ಗಿದರೆ ಹೆಚ್ಚಾ ಕಡಿಮೆಯಾ, ಕೂತರೆ ಹೇಗೆ, ನಡೆದರೆ ಹೇಗೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಮೊದಲು ಸುಮ್ನೆ ಬೋರಲು ಮಲಗುವುದು, ಎರಡು ಮೂರು ನಿಮಿಷ. ಅದು ಒಗ್ಗಿದರೆ ಮೊಣಕೈ ಊರಿ ಎದೆ ಎತ್ತುವುದು. ಅದೂ ಒಗ್ಗಿದರೆ ಅಂಗೈ ಊರಿ ಕೈ ನೆಟ್ಟಗೆ ಮಾಡುವುದು, ಟೊಂಕ ಮಾತ್ರ ನೆಲಕ್ಕೇ ಬಿಟ್ಟಿರಬೇಕು. ಹತ್ತು ಸಲ, ದಿನಕ್ಕೆ ನಾಲ್ಕೈದು ಹೊತ್ತು. ಕ್ಯಾಮೆರಾ ಪಕ್ಕದಲ್ಲಿದೆ. ನೋಡಲು ಭುಜಂಗಾಸನದ ಹಾಗೇ ಇದೆ. ಭುಜಂಗಾಸನದಲ್ಲಿ ಬೆನ್ನಿನ ಬಲದಿಂದ ಏಳುತ್ತೇವೆ, ಇಲ್ಲಿ ಬೆನ್ನು ಸಡಿಲ ಬಿಟ್ಟು ಕೈ ಬಲದಿಂದ ಏಳಬೇಕು. ಈ ವ್ಯತ್ಯಾಸ ತಿಳಿಯದೆ ನಾನು ಮೂರು ದಿನ ತಪ್ಪಾಗಿ ಮಾಡಿದೆ.

ಸರಿ ಮಾಡಿಕೊಂಡ ಮೇಲೆ ನೋಟ್‌ಬುಕ್ ನೋಡಿದರೆ ಗೊತ್ತಾಗುತ್ತದೆ. ಐದನೇ ದಿನಕ್ಕೆ ‘ಮೀನಖಂಡ’ ಹೋಗಿ ‘ತೊಡೆ’. ಒಂಬತ್ತನೇ ದಿನಕ್ಕೆ ‘ಕುಂಡೆ’. ಎರಡು ವಾರ ದಾಟಿದ ಮೇಲೆ ಬರೀ ‘ಟೊಂಕ’, ಅದೂ ಸಂಜೆ ಮಾತ್ರ. ಎರಡು ಬ್ಲೌಸ್ ಮುಗಿದ ಕೂಡಲೇ ಮಷೀನ್ ಬಿಟ್ಟು ಕೌದಿ ಮೇಲೆ ಬೋರಲು ಮಲಗಿ ಹತ್ತು ಸಲ ಮಾಡುತ್ತಿದ್ದೆ. ಗಿರಾಕಿಗಳು ಬಂದರೆ ಅವರನ್ನೂ ಕೂರಿಸಿ ಮಾಡಿ ಮುಗಿಸುತ್ತಿದ್ದೆ.

ಆದರೆ ಇದನ್ನು ಎಲ್ಲರಿಗೂ ಹೇಳಲಾರೆ. ನಮ್ಮ ಅತ್ತೆಗೆ 71 ವರ್ಷ. ಅವರ ನೋವೇ ಬೇರೆ. ನಿಂತರೆ, ನಡೆದರೆ ಎರಡೂ ಕಾಲು ಭಾರವಾಗುತ್ತವೆ. ಬಗ್ಗಿದರೆ, ಕೂತರೆ ಹಾಯೆನಿಸುತ್ತದೆ. ಸಂತೆಗೆ ಹೋದರೆ ಪ್ರತಿ ಕಟ್ಟೆಯ ಮೇಲೂ ಕೂರುತ್ತಾರೆ. ನನಗೆ ಗುಣವಾಯಿತು ಅಂತ ಅವರಿಗೂ ಹೇಳಿಕೊಟ್ಟೆ. ಎರಡೇ ದಿನಕ್ಕೆ ನೋವು ಹೆಚ್ಚಾಯಿತು. ಆಸ್ಪತ್ರೆಯಲ್ಲಿ ತೋರಿಸಿದಾಗ ಬೆನ್ನುಹುರಿಯ ನರಗಳು ಹಾಯುವ ದಾರಿ ವಯಸ್ಸಿಗೆ ಕಿರಿದಾಗಿದೆ, ಹಿಂದಕ್ಕೆ ಬಾಗಿದರೆ ಇನ್ನೂ ಕಿರಿದಾಗುತ್ತದೆ ಅಂದರು. ಅತ್ತೆಗೆ ಹಿಡಿಸಿದ್ದು ಮಲಗಿ ಒಂದೊಂದೇ ಮೊಣಕಾಲು ಎದೆಗೆ ತರುವುದು. ಅಂದರೆ ಆ ರೀಲ್‌ನ ಮೂರನೇ ವ್ಯಾಯಾಮದ ಥರದ್ದೇ. ವ್ಯಾಯಾಮ ಕೆಟ್ಟದ್ದಲ್ಲ, ಯಾರಿಗೆ ಅಂತ ಹೇಳದೆ ಬಿಟ್ಟದ್ದು ಕೆಟ್ಟದ್ದು. ಅವರಿಗೆ ಹೇಳಿಕೊಟ್ಟದ್ದು ನಾನೇ, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ನಾಲ್ಕನೆಯದು ಹಿಂದಿಯಲ್ಲಿ ಒಬ್ಬ ಫಿಸಿಯೋ ಮಾಡಿದ್ದು. ಹಿಂದಿ ನಮ್ಮೂರಲ್ಲಿ ಯಾರಿಗೂ ತೊಡಕಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಅವರ ಮೂರು ವ್ಯಾಯಾಮ ಅದರಲ್ಲಿವೆ. ಒಂದು, ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಟೊಂಕದ ಕೆಳಗಿನ ಸಂದಿಗೆ ಎರಡೂ ಕೈ ಇಟ್ಟು, ತಲೆ ಮತ್ತು ಭುಜ ಚೂರೇ ಎತ್ತುವುದು. ಎರಡು, ಮಗ್ಗುಲಾಗಿ ಮೊಣಕೈ ಊರಿ ಟೊಂಕ ಎತ್ತಿ ನಿಲ್ಲಿಸುವುದು, ಆಗದವರು ಮೊಣಕಾಲು ಊರಿಯೇ ಮಾಡಬಹುದು. ಮೂರು, ಅಂಬೆಗಾಲಿನಲ್ಲಿ ನಿಂತು ಒಂದು ಕೈ, ಎದುರಿನ ಕಾಲು ಚಾಚುವುದು. ಒಂದೊಂದನ್ನೂ ಹೆಚ್ಚೆಂದರೆ 10 ಸೆಕೆಂಡ್ ಹಿಡಿದು ಬಿಡಬೇಕು. ಮೊದಲ ಸುತ್ತು 6 ಸಲ, ಆಮೇಲೆ 4, ಆಮೇಲೆ 2. ದಣಿದ ಮೇಲೂ ಎಳೆದಾಡಬಾರದು ಅಂತ ಹೀಗೆ ಇಳಿಸುತ್ತಾ ಬರುವುದು.

ಕಾಲಿನ ನೋವು ಇದ್ದಾಗ ಇದರಿಂದ ಬೇಗ ಲಾಭವೇನೂ ಕಾಣಲಿಲ್ಲ. ನೋವು ಟೊಂಕಕ್ಕೆ ಸರಿದ ಮೇಲೆ ಶುರು ಮಾಡಿದೆ, ಆಗ ಗೊತ್ತಾಯಿತು ಇದರ ಬೆಲೆ. ಮೂರನೇ ವಾರಕ್ಕೆ ಕೊಡ ಎತ್ತುವಾಗ ಬರುತ್ತಿದ್ದ ಚಳುಕು ನಿಂತಿತು. ವಿಡಿಯೋದಲ್ಲಿ ಮಾತು ಮಾತ್ರ ಜಾಸ್ತಿ, ಅರ್ಧ ಹೊತ್ತು ಮಾತಲ್ಲೇ ಹೋಗುತ್ತದೆ. ಒಮ್ಮೆ ಪೂರ್ತಿ ಕೇಳಿ, ಆಮೇಲೆ ವಿಡಿಯೋ ಇಲ್ಲದೆಯೇ ಮಾಡಬಹುದು.

ಹೊಟ್ಟೆ ಕರಗಿಸುವ ಜಿಮ್ ವಿಡಿಯೋಗಳನ್ನು ಬೆನ್ನು ನೋವಿಗೆ ಅಂತ ಹಾಕಿರುವವರೂ ಇದ್ದಾರೆ. ಪೂರ್ತಿ ಎದ್ದು ಕೂರುವ ಸಿಟ್‌ಅಪ್ ಕಂಡ ಕೂಡಲೇ ಮುಚ್ಚಿದೆ.

ಟೊಂಕಕ್ಕೆ ಕಟ್ಟುವ ಬೆಲ್ಟ್ ಬಗ್ಗೆ ಗಿರಾಕಿಗಳು ಕೇಳುತ್ತಾರೆ. ನಾನೂ ಕೊಂಡಿದ್ದೆ, ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ಕಟ್ಟಿಕೊಂಡು ಕೂರುವುದು ಎಂಥದ್ದು ಅಂತ ಇಲ್ಲಿನವರಿಗೆ ಹೇಳಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಟೊಂಕ ನೋವಿಗೆ ಏನು ಮಾಡಬೇಕು, ಏನು ಬೇಡ ಅಂತ ಹೊರಡಿಸಿದ ಸೂಚನೆಯಲ್ಲಿ ವ್ಯಾಯಾಮ ‘ಮಾಡಬೇಕು’ ಪಟ್ಟಿಯಲ್ಲಿದೆ, ಬೆಲ್ಟು ‘ಬೇಡ’ ಪಟ್ಟಿಯಲ್ಲಿದೆ. ನನ್ನ ಬೆಲ್ಟು ಈಗ ಕಪಾಟಿನಲ್ಲಿದೆ.

ವಿಡಿಯೋ ಅಲ್ಲದ ಒಂದನ್ನು ಹೇಳದಿದ್ದರೆ ಈ ಹೋಲಿಕೆ ಪೂರ್ತಿಯಾಗದು. ಅದು ನಡಿಗೆ. ಆಸ್ಟ್ರೇಲಿಯಾದಲ್ಲಿ ಟೊಂಕ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿ ನೋಡಿದರು, 2024ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ನಡಿಗೆಯನ್ನು ಮೆಲ್ಲಗೆ ಹೆಚ್ಚಿಸುತ್ತಾ ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷದವರೆಗೆ ತರುವ ಗುರಿ ಕೊಟ್ಟು, ಫಿಸಿಯೋ ಜೊತೆ ಮಾತುಕತೆ ಇಟ್ಟರು. ಇನ್ನೊಂದಕ್ಕೆ ಏನೂ ಇಲ್ಲ. ನೋವು ಮರಳಿ ಬರಲು ನಡೆಯದವರಿಗೆ ಸುಮಾರು 112 ದಿನ, ನಡೆದವರಿಗೆ 208 ದಿನ ಹಿಡಿಯಿತು. ನಾನು ಬೆಳಿಗ್ಗೆ ಬಿಸಿಲೇರುವ ಮೊದಲು ಅಪ್ಪನ ಕೆರೆ ಕಡೆ ಹೋಗಿ ಬರುತ್ತೇನೆ. ಎದ್ದ ಮೊದಲ ತಾಸು ಬಗ್ಗದೆ ಕಳೆಯಲು ಅದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ.

ಗಿರಾಕಿಗಳು ಕೇಳಿದರೆ ಈಗ ಹೀಗೆ ಹೇಳುತ್ತೇನೆ. ಬಗ್ಗಿದರೆ ಕಾಲಿಗೆ ಇಳಿಯುತ್ತದಾ, ಒಮ್ಮೆ ತೋರಿಸಿಕೊಂಡು ಬಂದು ಮೂರನೆಯದು ಶುರು ಮಾಡಿ. ಬರೀ ಟೊಂಕ ಬಿಗಿತ ಇದೆಯಾ, ಕನ್ನಡದ ಯೋಗ, ಆದರೆ ಬಗ್ಗುವ ಭಾಗ ಬಿಟ್ಟು. ನೋವು ಇಳಿದು ಮತ್ತೆ ಮತ್ತೆ ಬರುತ್ತದಾ, ನಾಲ್ಕನೆಯದನ್ನು ಬಿಡಬೇಡಿ. ಬಗ್ಗಿದರೆ ಹಾಯೆನಿಸುವ ಹಿರಿಯರಿಗೆ ಮೂರನೆಯದು ಬೇಡವೇ ಬೇಡ.

ನೆಲದ ಮೇಲೆ ಕಟಿಂಗ್ ಮಾಡುವುದನ್ನೂ ಬಿಟ್ಟೆ. ಬಡಿಗೇರ ಅಣ್ಣನ ಹತ್ತಿರ ನನ್ನ ಟೊಂಕದೆತ್ತರಕ್ಕೆ ಒಂದು ಮೇಜು ಮಾಡಿಸಿಕೊಂಡೆ.

ಇದನ್ನು ಓದುವವರಲ್ಲಿ ಕನ್ನಡದ ಫಿಸಿಯೋಗಳು ಇದ್ದರೆ ಒಂದು ಕೇಳಿಕೆ. ಮೂರನೇ ವಿಡಿಯೋದ ಹಾಗೆ ಪ್ರಶ್ನೆಯಿಂದ ಶುರುವಾಗುವ, ಎರಡನೆಯದರ ಹಾಗೆ ನಮ್ಮ ಮಾತಲ್ಲಿರುವ ಒಂದು ವಿಡಿಯೋ ಮಾಡಿ. ಕ್ಯಾಮೆರಾ ಪಕ್ಕದಲ್ಲಿ ಇಡಿ. ರೊಟ್ಟಿ ಬಡಿಯುವವರು, ತೊಗರಿ ಕೊಯ್ಯುವವರು, ನನ್ನ ಹಾಗೆ ಮಷೀನ್ ತುಳಿಯುವವರು ಹೇಗೆ ಕೂರಬೇಕು, ಹೇಗೆ ಏಳಬೇಕು ಅಂತ ಅದರಲ್ಲೇ ತೋರಿಸಿ. ನನ್ನ ಅಂಗಡಿಗೆ ಬರುವ ಪ್ರತಿಯೊಬ್ಬರಿಗೂ ನಾನೇ ಕಳಿಸುತ್ತೇನೆ.